ಕತ್ತರಿ ಹೋದ ದಾರಿ

ಮುಖ ಆಮೇಲೆ. ಮೊದಲು ಗುಂಡಿ ಎಣಿಸುತ್ತೇನೆ.
ಆರೋ, ಎಂಟೋ; ಹಿತ್ತಾಳೆಯದೋ, ಕೊಂಬಿನದೋ;
ಕಾಲರಿನ ಮೂಲೆ ಚೂಪೋ, ದುಂಡೋ,
ಜೇಬಿನ ಮುಚ್ಚಳಕ್ಕೆ ಅಲೆ ಒಂದೋ, ಎರಡೋ.
ಮೂವತ್ತೆರಡು ವರ್ಷ ಲಿಯೆಪಾಯಾದ ನಾಟಕಶಾಲೆಯಲ್ಲಿ
ಎಲ್ಲ ಸೈನ್ಯಗಳಿಗೂ ಬಟ್ಟೆ ಹೊಲಿದವಳು ನಾನು.
ಗೆದ್ದವರಿಗೂ ಸೋತವರಿಗೂ ಅದೇ ಥಾನಿನ ಬಟ್ಟೆ,
ಮಧ್ಯಂತರದಲ್ಲಿ ಭುಜಪಟ್ಟಿ ಬದಲಿಸಿದರೆ ಮುಗಿಯಿತು.

ಈಗ ಶನಿವಾರದ ಸಂತೆಯಲ್ಲಿ
ಹೊಗೆಯಲ್ಲಿ ಬೇಯಿಸಿದ ಮೀನಿನಂಗಡಿಯ ಪಕ್ಕ
ಆರ್ವೀಡ್ಸನ ಬಿಸ್ಕತ್ತಿನ ಡಬ್ಬಿ ಕೆದಕುತ್ತೇನೆ.
ಒಂದಕ್ಕೆ ಎರಡು ಯೂರೋ, ಹರಿದಿದ್ದರೆ ಒಂದು.
ಸತ್ತವರ ಮನೆ ಖಾಲಿ ಮಾಡುವಾಗ ಸಿಕ್ಕ ಹುಡುಗರು,
ಕಿವಿ ಮುಂದಾಗಿ, ಎದೆ ಇನ್ನೂ ಮುಂದಾಗಿ,
ಹಿಂದೆ ಸ್ಟುಡಿಯೋದ ಅದೇ ಬಣ್ಣ ಬಳಿದ ಸರೋವರ.
ಮಗುಚಿದರೆ ಪೆನ್ಸಿಲ್ಲಿನಲ್ಲಿ: "ಪ್ರೀತಿಯ ಔಸ್ತ್ರಾಗೆ."
ಇನ್ನೊಂದರ ಬೆನ್ನಿಗೆ: "ಸಕ್ಕರೆ, ಸೀಮೆಎಣ್ಣೆ, ನೀಲಿ ದಾರ."
ನಾನು ದಾರದವನನ್ನೇ ಕೊಂಡೆ.

ನಮ್ಮ ಕಡೆಯ ಚಿತ್ರಗಳ ಗೋಳೇ ಬೇರೆ.
ಇಲ್ಲಿ ಒಬ್ಬನೇ ಹುಡುಗ ಐದು ವರ್ಷದಲ್ಲಿ ಮೂರು ಸಮವಸ್ತ್ರ ತೊಟ್ಟ,
ಮೂರೂ ಅವನಿಗೆ ದೊಗಳೆ.
ಆಮೇಲೆ, ಯಾರು ಯಾವಾಗ ಬಾಗಿಲು ಬಡಿಯುವರೋ ಎಂದು
ಮನೆಯ ಹೆಂಗಸರು ಸೂಜಿ ಹಿಡಿದು ಕೂತರು:
ಭುಜ ಕೆರೆದರು, ಟೋಪಿಯ ಮೇಲೆ ಶಾಯಿ ಬಿಟ್ಟರು,
ಎದೆಯ ಹದ್ದನ್ನೋ ನಕ್ಷತ್ರವನ್ನೋ ಉಗುರಿನಷ್ಟು ಕತ್ತರಿಸಿ
ಒಲೆಗೆ ಹಾಕಿ, ಉಳಿದ ಮಗನನ್ನು
ಮತ್ತೆ ಆಲ್ಬಮ್ಮಿಗೆ ಅಂಟಿಸಿದರು.
ಹಾಗಾಗಿ ನಾನು ಓದುವುದು ತೂತುಗಳನ್ನು.
ದುಂಡಗಿನದು ಒಂದು ಸೈನ್ಯ, ಅಗಲದ್ದು ಇನ್ನೊಂದು.

ಹೋದ ಮಾರ್ಚಿನಲ್ಲಿ ಕುಲ್ದೀಗಾದಿಂದ ಒಬ್ಬ ಬಂದ,
ಗಿರ್ತ್ಸ್ ಅಂತ, ಟ್ರ್ಯಾಕ್ಟರ್ ಮಾರುವವನು,
ಬೆಣ್ಣೆಕಾಗದದಲ್ಲಿ ಅಜ್ಜನನ್ನು ಸುತ್ತಿಕೊಂಡು.
"ಇವನು ಆ ಕಡೆಯವನಲ್ಲ ತಾನೇ?"
ಯಾವ ಕಡೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಭೂತಗನ್ನಡಿ ಇಟ್ಟೆ. ಕಾಲರಿನಲ್ಲಿ
ಬಿಸಿಲು ತಾಗದೆ ಕಪ್ಪಾಗಿ ಉಳಿದ ಚೌಕ, ಹಳೆಯ ಪಟ್ಟಿ ಕಿತ್ತ ಜಾಗ;
ಅದರ ಮೇಲೇ ಹೊಸ ಪಟ್ಟಿಯ ತೂತು.
ಒಂದೇ ಅಂಗಿ. ಎರಡು ಕಡೆ.
ಮೂರನೆಯ ಗುಂಡಿ ಮಾತ್ರ ಯಾವ ಸೈನ್ಯದ್ದೂ ಅಲ್ಲ,
ಹೆಂಗಸರ ಕೋಟಿನದು, ನಾಲ್ಕು ಕಣ್ಣಿನದು,
ದಾರ ಅಡ್ಡಾದಿಡ್ಡಿ ಹಾದಿದೆ, ಅವಸರದ ಕೈ.
ಅಷ್ಟನ್ನೂ ಬರೆದುಕೊಟ್ಟೆ. ಓದಿದ, ತುಂಬ ಹೊತ್ತು.
"ಗುಂಡಿ ಯಾರದು?" ಎಂದ.
ತಾನು ತಂದ ಪ್ರಶ್ನೆಯನ್ನು ಬೆಣ್ಣೆಕಾಗದದ ಜೊತೆ
ಮೇಜಿನ ಮೇಲೇ ಬಿಟ್ಟುಹೋದ. ಚಹಾ ಹಾಗೇ ಇತ್ತು.

ನನ್ನದೇ ಡಬ್ಬಿಯಲ್ಲಿ ಒಬ್ಬಳಿದ್ದಾಳೆ, ಹನ್ನೊಂದು ವರ್ಷದಿಂದ.
ಟೆಲಿಫೋನು ದಳದವಳಿರಬೇಕು:
ಎಡಗಿವಿಯ ಮೇಲೆ ಕೂದಲು ಒತ್ತಿ ಚಪ್ಪಟೆಯಾಗಿದೆ.
ನಗುತ್ತಿದ್ದಾಳೆ, ಕ್ಯಾಮರಾ ಬಿಟ್ಟು ಪಕ್ಕಕ್ಕೆ ತಿರುಗಿ.
ಪಕ್ಕದಲ್ಲಿ ಚಿತ್ರವೇ ಇಲ್ಲ.
ಅವಳ ಭುಜದ ಮೇಲೆ ನಾಲ್ಕು ಬೆರಳು ಉಳಿದಿವೆ,
ತೋಳಿಲ್ಲ, ತೋಳಿನ ಪಟ್ಟಿಯಿಲ್ಲ;
ಬೆರಳು ನೋಡಿ ದೇಶ ಹೇಳುವ ಪುಸ್ತಕ
ನನ್ನ ಕಪಾಟಿನಲ್ಲಿ ಇಲ್ಲ.

ಅಂಚನ್ನು ಮಾತ್ರ ಬಲ್ಲೆ.
ಅಡುಗೆಮನೆಯ ಕತ್ತರಿಯಾದರೆ ಹಲ್ಲುಹಲ್ಲಾಗುತ್ತದೆ,
ಅಳುವ ಕೈಯಾದರೆ ನಡುವೆ ಎರಡು ಸಲ ನಿಲ್ಲುತ್ತದೆ.
ಇದು ಒಂದೇ ಓಟ, ಮೇಲಿಂದ ಕೆಳಕ್ಕೆ,
ಬೆರಳುಗಳ ಹತ್ತಿರ ಬಂದಾಗ ಕೊಂಚ ವಾಲಿ
ಅವನ್ನು ಅವಳಿಗೆ ಬಿಟ್ಟು ಮುಂದೆ ಹೋಗಿದೆ.
ಹನ್ನೆರಡು ಅಂಗುಲದ ದರ್ಜಿ ಕತ್ತರಿ.
ನಮ್ಮ ಮನೆಯಲ್ಲೂ ಒಂದಿತ್ತು, ಅಮ್ಮನದು;
ಕಾಗದ ಕತ್ತರಿಸಿದರೆ ಮೊಂಡಾಗುತ್ತದೆಂದು
ನಮ್ಮನ್ನು ಮುಟ್ಟಗೊಡುತ್ತಿರಲಿಲ್ಲ.