ನಾಲ್ಕು ಹಣ್ಣಿನ ಪೈಜಾಮ

ಆರ್ದೆಝಿನ ಮಂದಿ ಅದನ್ನು ಕೋಟು ಅಂದದ್ದೇ ಇಲ್ಲ.
ಸೈನ್ಯ ಕೊಟ್ಟ ಹೆಸರು, ನಂಬರು ಯಾರಿಗೂ ನೆನಪಿಲ್ಲ.
ನಾಲ್ಕು ಹಣ್ಣಿನ ಪೈಜಾಮ, ಅಷ್ಟೇ.
ಬೆಳಗಿನ ಬ್ರೆಡ್ಡಿಗೆ ಸವರುವ ಜಾಮಿನ ಬಣ್ಣ:
ಕೆಂಪು, ಕಂದು, ಕರಿ, ಪಾಚಿ ಹಸಿರು,
ನಡುನಡುವೆ ಮೊಸರು ಸಿಡಿದ ಹಾಗೆ ಬಿಳಿ ಚುಕ್ಕೆ.

ಡುಮೆಂಗ್ ಮಾವ ಅದನ್ನು ತೊಟ್ಟು
ವರ್ಷಕ್ಕೆ ಮೂರು ವಾರದಂತೆ ಎಂಟು ವರ್ಷ
ಒಂದು ದನದ ಕೊಟ್ಟಿಗೆಯನ್ನು ಕಾದ.
ಕೊಟ್ಟಿಗೆಯಲ್ಲಿ ದನ ಇರಲಿಲ್ಲ.
ಹಲಗೆ ಕಾಂಕ್ರೀಟು, ಕಿಟಕಿ ಬರೀ ಬಣ್ಣ,
ಕಿಟಕಿಯ ಪರದೆಯೂ ಬಣ್ಣ,
ಒಳಗೆ ಕಣಿವೆಯ ಕಡೆ ಮೂತಿ ಮಾಡಿದ ಫಿರಂಗಿ.
"ಶತ್ರು ಬರಲೇ ಇಲ್ಲ ಕಣೇ.
ಒಮ್ಮೆ ಒಬ್ಬ ಪ್ರವಾಸಿ ಬಂದು ಹಾಲು ಸಿಗುತ್ತಾ ಅಂದ."

ಸೇವೆ ಮುಗಿಯಿತು, ಕೋಟು ಉಳಿಯಿತು.
ಸೆಪ್ಟೆಂಬರ್ ಬಂದರೆ ಅರ್ಧ ಊರು ಅದೇ ಪೈಜಾಮದಲ್ಲಿ
ಶಮ್ವಾ ಬೇಟೆಗೆ ಬೆಟ್ಟ ಹತ್ತುತ್ತಿತ್ತು,
ಪೋಸ್ಟ್ ಮಾಸ್ತರ, ಬೇಕರಿಯವ, ಪಾದ್ರಿ ಸಹ.
ಪಾದ್ರಿಯದಕ್ಕೆ ಮೊಣಕೈಯಲ್ಲಿ ಚರ್ಮದ ತೇಪೆ.

ನನ್ನ ತಮ್ಮನ ಮಗ ಆಂದ್ರಿ ಹಾಕುವುದೇ ಬೇರೆ.
ಫೋಟೋ ತೆಗೆದು ಅಚ್ಚೊತ್ತಿದ ಎಲೆ, ಎಲೆಯ ನರ, ನರದ ನೆರಳು,
ತೊಗಟೆಯ ಬಿರುಕಲ್ಲಿ ಒಂದು ಇರುವೆಯೂ ಇದೆ ಅನ್ನುತ್ತಾನೆ.
ಸದ್ದು ಮಾಡದ ಬಟ್ಟೆ. ವಾಸನೆ ನುಂಗುವ ಬಟ್ಟೆ.
ಸುಳ್ಳಾಡಲಾರೆ, ಬೆಚ್ಚಗೂ ಇದೆ.
ಆದರೆ ಅದು ಓಕ್ ಎಲೆ, ಮಾರಾಯ!
ಎರಡು ಸಾವಿರ ಮೀಟರಿನ ಮೇಲೆ,
ಲಾರ್ಚ್ ಮರ ಕೂಡ ಏದುಸಿರು ಬಿಟ್ಟು ನಿಲ್ಲುವ ಕಡೆ
ಓಕ್ ಕಾಡೊಂದು ಎರಡು ಕಾಲಲ್ಲಿ ನಡೆದು ಬಂದರೆ
ಶಮ್ವಾ ಹೆದರುವುದಿಲ್ಲ, ನಗುತ್ತದೆ.

ಹಳೆಯದು ಯಾವ ಎಲೆಯ ಹೆಸರನ್ನೂ ಹೇಳುತ್ತಿರಲಿಲ್ಲ.
ಯಾರೋ ಆಫೀಸಿನಲ್ಲಿ ಕೂತು
ಹೀಗಿರಬಹುದು ಅಂತ ಕುಂಚದಲ್ಲಿ ಒತ್ತಿದ ಮಚ್ಚೆ.
ಆ ಕೆಂಪು ನೋಡಿ ನಗದವರಿಲ್ಲ,
ಮರೆಯಾಗಲು ಯಾರಾದರೂ ಕೆಂಪು ಉಡುತ್ತಾರೆಯೇ?
ಹಿಮ ಒಮ್ಮೆ ಮುಟ್ಟಿ ಹೋದ ಮೇಲೆ
ಇಳಿಜಾರಿನ ಬ್ಲೂಬೆರಿ ಗಿಡವೆಲ್ಲ ಒಂದೆರಡು ರಾತ್ರಿಯಲ್ಲಿ
ಕೆಂಡದಂತಾಗುವುದನ್ನು ಆ ಕುಂಚದವನು ನೋಡಿದ್ದನೋ,
ಬಣ್ಣ ಮಿಕ್ಕಿತೆಂದು ಬಳಿದನೋ, ಗೊತ್ತಿಲ್ಲ.

ಏಳು ವರ್ಷದವಳಿದ್ದಾಗ ಅಲ್ಲೇ ಮಾವನನ್ನು ಕಳೆದುಕೊಂಡೆ.
ಬೂಟಿನ ದಾರ ಕಟ್ಟಿ ತಲೆ ಎತ್ತುವಷ್ಟರಲ್ಲಿ
ಮಾವ ಇಲ್ಲ. ಬೆಟ್ಟ ಇದೆ.
ಕೂಗಿದೆ, ಅತ್ತೆ, ಮೂಗು ಸೋರಿತು.
ಹತ್ತು ಹೆಜ್ಜೆಯಾಚೆ ನೆಲವೇ ಎದ್ದು ನಿಂತು
ಪೈಪು ಹಚ್ಚಿತು.

ಈ ಸಲ ಪೆಟ್ಟಿಗೆಯಿಂದ ತೆಗೆದೆ. ತೋಳು ಉದ್ದ, ಮಡಚಿದೆ.
ಒಂದು ಜೇಬಿನಲ್ಲಿ ಪೆನ್ಸಿಲಿನ ಮೊಂಡು,
ಇನ್ನೊಂದರಲ್ಲಿ ತೊಂಬತ್ತೊಂದರ ಬೇಟೆ ಪುಸ್ತಕ,
"ಏನೂ ಇಲ್ಲ. ಮಂಜು."
ಸಾಲಾಗಿ ಏಳು ದಿನ ಅದೇ.
ಎಲ್ಲ ಜೇಬಿನ ಮೂಲೆಯಲ್ಲೂ ತಂಬಾಕಿನ ಪುಡಿ.
ಆಂದ್ರಿ ಬಾಗಿಲಲ್ಲೇ ನಕ್ಕ:
"ಅತ್ತೆ, ಮಲಗೋಕೆ ಹೊರಟಿರಾ?"

ಒಂಬತ್ತೂವರೆಗೆ ಕೆಂಪಿನೊಳಗೆ ಕೂತಿದ್ದೆ.
ಎದುರು ಬಂಡೆಯ ಮೇಲೆ ಎರಡು ಹೆಣ್ಣು, ಒಂದು ಮುದಿ ಗಂಡು,
ಗುಂಡಿಗೆ ಇನ್ನೂ ದೂರ.
ಆಂದ್ರಿ ಕೆಳಗಿನಿಂದ ಹತ್ತಿ ಬಂದ, ಪಕ್ಕದಲ್ಲೇ ದಾಟಿದ,
ಬೂಟು ನನ್ನ ಕೋವಿಯ ಪಟ್ಟಿ ತುಳಿಯಬೇಕು, ಅಷ್ಟು ಹತ್ತಿರ.
ನಿಂತ. "ಅತ್ತೆ" ಅಂದ.
ಮೊದಲು ಮೆಲ್ಲಗೆ. ಆಮೇಲೆ ಮೆಲ್ಲಗಲ್ಲ.
ಇಪ್ಪತ್ತಾರರ ಗಂಡಸಿನ ಗಂಟಲ ತಳದಲ್ಲಿ
ಬೂಟಿನ ದಾರ ಕಟ್ಟಿ ತಲೆ ಎತ್ತಿದ ಮಗು.

ಎದ್ದು ನಿಲ್ಲಬಹುದಿತ್ತು.
ನಿಲ್ಲಲಿಲ್ಲ, ಹತ್ತು ಎಣಿಸುವಷ್ಟು ಹೊತ್ತು.
ಕೆಟ್ಟತನಕ್ಕಲ್ಲ.
ಹುಡುಕಿ ಸಿಗದೆ ಬೆಟ್ಟವನ್ನೇ ಕರೆಯುವ ದನಿ
ಬೆಟ್ಟದ ಕಡೆಯಿಂದ ಹೇಗೆ ಕೇಳಿಸುತ್ತದೆ ಅಂತ
ಈವರೆಗೆ ಗೊತ್ತಿರಲಿಲ್ಲ.
ಮಾವನಿಗೆ ಗೊತ್ತಿತ್ತು.
ಆಮೇಲೆ ಎದ್ದೆ. ನನ್ನ ಹತ್ತಿರ ಪೈಪು ಇರಲಿಲ್ಲ.

ಶಮ್ವಾಗಳು ಕತ್ತು ಎತ್ತಿ
ಕೂಗಾಡುವ ಓಕ್ ಮರವನ್ನು ಒಮ್ಮೆ ನೋಡಿ
ಅವಸರವಿಲ್ಲದೆ ಬಂಡೆಯ ಹಿಂದೆ ಹೋದವು.
ಮೊಂಡು ಪೆನ್ಸಿಲು ಇನ್ನೂ ಬರೆಯುತ್ತದೆ:
ಏನೂ ಇಲ್ಲ. ಬಿಸಿಲು.