ಎರಡು-ಏಳು

ಕೆಂಪಂಕಿಯ ಆರು ಕಿಟಕಿ, ತಗಡಿನ ಪೆಟ್ಟಿಗೆ.
ಶಿವಮೊಗ್ಗದ ಪಾಲಿಟೆಕ್ನಿಕ್ಕಿನಲ್ಲಿ ಇಂಥವು ಇನ್ನೂ ಹದಿಮೂರಿವೆ,
ಏಳರ ಗುಂಡಿ ಸವೆದು ಬೋಳು.
ಏಳು-ಆರು ಎಂದರೆ ನಿಲ್ಲು.
ಸೊನ್ನೆ-ಸೊನ್ನೆ: ಏನೂ ಮಾಡಬೇಡ, ಸುಮ್ಮನೆ ಮುಂದೆ ಹೋಗು.
ಎರಡು-ಏಳು: ಕೂಡಿದ್ದನ್ನು ಹತ್ತರ ಲೆಕ್ಕಕ್ಕೆ ತಿದ್ದು,
ಕೇಳಿದವರಿಗೆ ಇರುವುದು ಹತ್ತೇ ಬೆರಳು.

ಅಬ್ಬಾ ಸಕ್ರೆಬೈಲಿನಲ್ಲಿ ಮಾವುತರು, ದಸ್ತಗೀರ್ ಸಾಬ್.
ಅವರ ಇಂದ್ರಾಣಿಗೆ ಗೊತ್ತಿದ್ದದ್ದು ಇಪ್ಪತ್ತೊಂದು ಮಾತು.
ಮೈಲ್ ಅಂದರೆ ನಡೆ. ಧತ್ ಅಂದರೆ ನಿಲ್ಲು. ಬೈಠ್.
ಕನ್ನಡವಲ್ಲ, ನಮ್ಮನೆಯ ಉರ್ದುವೂ ಪೂರ್ತಿ ಅಲ್ಲ,
ಯಾವ ಕಾಡಿನಿಂದ ಯಾರ ಬಾಯಲ್ಲಿ ಬಂದವೋ.
ಮಾತು ಬದಲಿಸಬಾರದಾ? ಎಂಟು ವರ್ಷದವಳು ಕೇಳಿದ್ದೆ.
ಅಬ್ಬಾ ನಕ್ಕರು:
ಬದಲಿಸು. ಆಮೇಲೆ ನೀನೇ ಹೋಗಿ ಆನೆಗೆ ಹೇಳು.

ಮೇಡಂ, ಎನ್ನುತ್ತಾಳೆ ರಿಪ್ಪನ್‌ಪೇಟೆಯ ಪ್ರಣೀತಾ,
ಹೊಸ ಸಿಲಬಸ್ಸಿನ ಚಿಪ್ಪಿಗೆ ಬುಡದಲ್ಲಿ ನಲವತ್ತೇ ಆಜ್ಞೆ,
ಯಾರಪ್ಪನ ಸ್ವತ್ತೂ ಅಲ್ಲ, ಯಾರು ಬೇಕಾದರೂ ಕಟ್ಟಬಹುದು.
ಇವನ್ನೆಲ್ಲ ಗುಜರಿಗೆ ಹಾಕಬಾರದಾ?

ಹಾಕಬಹುದು. ಪಟ್ಟಿಗೆ ಸಹಿ ನಾನೇ ಮಾಡಿದ್ದೇನೆ.

ಆದರೆ ಕೊಡಿಲ್ಲಿ ನಿನ್ನ ಲ್ಯಾಪ್‌ಟಾಪು.
ಗುಂಡಿ ಒತ್ತಿದ ಕ್ಷಣ ಇದು ಅರವತ್ನಾಲ್ಕು ಬಿಟ್ಟಿನದಲ್ಲ,
ಹದಿನಾರರದು. ದಿನಾ ಬೆಳಿಗ್ಗೆ
ಅಜ್ಜಿಯ ಮಾತಿನಲ್ಲೇ ಇದಕ್ಕೆ ಎಚ್ಚರ.
ಆ ಕಣ್ರೆಪ್ಪೆಯಷ್ಟು ಹೊತ್ತು
ಎರಡು-ಏಳು ಅಂದರೆ ಇದಕ್ಕೂ ತಿಳಿಯುತ್ತದೆ,
ಅದೇ ಅರ್ಥ, ಅದೇ ಅಂಕಿ.
ಆಮೇಲೆ ಮೈ ಬಿಚ್ಚಿ ಮೂವತ್ತೆರಡಾಗಿ, ಅರವತ್ನಾಲ್ಕಾಗಿ,
ಹೊಸ್ತಿಲು ದಾಟಿತೋ, ಎರಡು-ಏಳು ಬರೀ ತಪ್ಪು.
ಕಲಿಸಿದವರೇ ಮರೆಸಿದ್ದಾರೆ.
ಪ್ರಣೀತಾ ಬರೆದುಕೊಂಡಳು. ಪರೀಕ್ಷೆಗೆ ಬರುತ್ತಾ ಮೇಡಂ?
ಬರಲ್ಲ.

ಅವಳಿಗೆ ಹೇಳದೆ ಉಳಿದದ್ದು ಇದು:
ದಿಮ್ಮಿ ಎಳೆಯಲು ಒಂದು ಮಾತಿತ್ತು, ಖೀಂಚ್.
ನಾಟಾ ಸಾಗಿಸುವುದು ನಿಂತು ಎಷ್ಟೋ ವರ್ಷ,
ಈಗಿನ ಹುಡುಗರು ಮರಿಗಳಿಗೆ ಅದನ್ನು ಕಲಿಸುವುದಿಲ್ಲ.
ಯಾಕೆ ಕಲಿಸಬೇಕು? ಫೋಟೋಕ್ಕೆ ಸೊಂಡಿಲೆತ್ತಿದರೆ ಸಾಕು.
ನಿವೃತ್ತಿಯಾದ ಮರುವರ್ಷ ಅಬ್ಬಾ
ತುಂಗೆಯ ಹಿನ್ನೀರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ ಇಂದ್ರಾಣಿಯ
ಕಿವಿಯ ಹಿಂದೆ ಉಜ್ಜುತ್ತ, ಆಕೆಗೂ ಅಲ್ಲ,
ನಾಲಿಗೆಗೆ ಇನ್ನೂ ಬರುತ್ತದಾ ನೋಡೋಣವೆಂದು
ಮೆಲ್ಲಗೆ ಅಂದರಂತೆ: ಖೀಂಚ್.
ಆಕೆ ಎದ್ದಳು. ನೀರು ಬಸಿಯಿತು.
ಕೊರಳಿಗೆ ಸರಪಳಿ ಇಲ್ಲ, ಹಿಂದೆ ದಿಮ್ಮಿ ಇಲ್ಲ.
ಹೆಗಲು ತಗ್ಗಿಸಿ, ಹಿಂಗಾಲು ಕೆಸರಿಗೆ ಊರಿ
ಎಳೆದಳು,
ಮತ್ತೆ ಎಳೆದಳು,
ಧತ್ ಅನ್ನುವುದು
ಅಬ್ಬಾಗೆ ಮರೆತೇಹೋಗಿತ್ತು.