ಮೂರು ಹೆಸರಿನ ಪ್ರತಿ

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ನನ್ನ ಡಿಟಿಪಿ ಅಂಗಡಿ,
ಹಾಸನದಲ್ಲಿ ಮಕ್ಬೂಲನ ಪ್ರೆಸ್ಸು.
ಮೊದಲೆಲ್ಲ ನಮ್ಮಿಬ್ಬರ ನಡುವೆ
ಪೆನ್ ಡ್ರೈವೊಂದು ಓಡಾಡುತ್ತಿತ್ತು, ಏಳೂವರೆ ಬಸ್ಸಿನ
ಕಂಡಕ್ಟರ್ ಜೇಬಲ್ಲಿ, ಚಿಲ್ಲರೆಯ ಜೊತೆ.
ಒಂದು ಸಲ ಸಕಲೇಶಪುರ ನೋಡಿಕೊಂಡು ಬಂತು.

ಈಗ ಹಾಗಿಲ್ಲ. ಇಲ್ಲಿ ಒಂದು ಕೊಂಬು ಕೊಟ್ಟರೆ
ಅಲ್ಲಿ ಮೂಡುತ್ತದೆ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲೂ
ಮೂಡುತ್ತದೆ, ಯಾರೂ ಮುಟ್ಟದೆ.

ಅಳಿಸುವುದೂ ಹಾಗೇ, ಅಷ್ಟೇ ನಿಯತ್ತು.
ಬುಧವಾರ ಹುಡುಗ ಚಿದು, ಜಾಗ ಸಾಲದೆಂದು,
‘ಆರಾಧನೆ’ ಎಂಬ ಫೋಲ್ಡರು ಎತ್ತಿ ಬಿಸಾಕಿದ.
ಬುಟ್ಟಿಯನ್ನೂ ಬರಿದು ಮಾಡಿದ, ಅಚ್ಚುಕಟ್ಟಿನ ಹುಡುಗ.
ನಾನು ಫೋನ್ ಎತ್ತುವಷ್ಟರಲ್ಲಿ
ಹಾಸನದಲ್ಲೂ ಇರಲಿಲ್ಲ. ಮನೆಯಲ್ಲೂ.
ಮೂರು ಕಡೆ ಇದೆ ಎಂದು ನಂಬಿದ್ದು
ಒಂದೇ ಇತ್ತು, ಮೂರು ಕನ್ನಡಿಯಲ್ಲಿ.

ಉಳಿದದ್ದು ಬಿಸ್ಕತ್ತಿನ ಡಬ್ಬಿಯೊಳಗಿನ ಡಿಸ್ಕು,
ಸೂಜಿ ದಾರದ ಪಕ್ಕ, ಯಾವ ತಂತಿಗೂ ಸೇರದ್ದು.
ಭಾನುವಾರಕ್ಕೊಮ್ಮೆ ಚುಚ್ಚಿ, ತುಂಬಿಸಿ, ಕಿತ್ತಿಡುತ್ತೇನೆ.
ಎಲ್ಲ ಬಂತು. ಭಾನುವಾರದವರೆಗಿನದೆಲ್ಲ.

ಮರುಳಸಿದ್ದಪ್ಪನವರ ಶಿವಗಣಾರಾಧನೆ ಪತ್ರಿಕೆಯೂ ಬಂತು:
ಫೋಟೊ, ವಿಭೂತಿ, ಊಟದ ಹೊತ್ತು,
ಕೆಳಗೆ ಮಕ್ಕಳು, ಮೂರು ಹೆಸರು.

ಮೂರೇ?

ಸೋಮವಾರ ಚನ್ನಬಸಮ್ಮ ಬಂದಿದ್ದರು, ಒಬ್ಬರೇ.
ಸೆರಗಲ್ಲಿ ಬೆವರೊರೆಸಿಕೊಂಡು ಸ್ಟೂಲಿನ ಅಂಚಲ್ಲಿ ಕೂತು
“ಇನ್ನೊಬ್ಳು ಅವಳೆ” ಎಂದಿದ್ದರು.
“ದಾಕ್ಷಾಯಿಣಿ. ದಾಗೆ ದೀರ್ಘ ಹಾಕವ್ವ,
ಅವರಪ್ಪ ಹಂಗೇ ಬರೀತಿದ್ದುದು.”
ಹದಿನಾರು ವರ್ಷದಿಂದ ಆ ಮನೆಯಲ್ಲಿ
ಯಾರೂ ಎತ್ತದ ಹೆಸರಂತೆ.
ಒಂದು ಹೆಸರಿನ ಕೂಲಿ ಎಂದು
ಮಡಿಸಿದ ಹತ್ತರ ನೋಟು ಕೀಬೋರ್ಡಿನ ಮೇಲಿಟ್ಟರು.

ಡಿಸ್ಕಿಗೆ ಸೋಮವಾರ ಗೊತ್ತಿಲ್ಲ.
ನನಗೆ ಗೊತ್ತು. ಮತ್ತೆ ಟೈಪು ಮಾಡಿದೆ, ದೀರ್ಘ ಸಹಿತ.

ಸಂಜೆ ಮಕ್ಬೂಲನ ಫೋನು:
“ಅಕ್ಕಾ, ಇಲ್ಲಿ ಎರಡೆರಡು ಫೈಲು ನಿಂತಿವೆ.
ದೊಡ್ಡ ಮಗ ಪಂಚಾಕ್ಷರಿ ಇಲ್ಲೇ ಬಂದು
ಊಟದ ಟೈಮು ತಿದ್ದಿಸಿದ. ಅದರಲ್ಲಿ ಮೂರು.
ನಿಮ್ಮದರಲ್ಲಿ ನಾಲ್ಕು. ಯಾವುದು ಸರಿ ಅಂತ
ಸಿಸ್ಟಮ್ಮು ಹೇಳ್ತಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು
ಸುಮ್ಮನೆ ಕೂತಿದೆ. ಯಾವುದು ಹೊಡೀಲಿ?”

ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ,
ಎಲ್ಲೋ ಉರುಳಿಹೋಗಿತ್ತು.

“ಊಟದ ಟೈಮು ಅವನದು ಹಾಕು.
ಹೆಸರು ನಾಲ್ಕೂ ಇರಲಿ.”
“ಅವನು ಕೇಳಿದರೆ?”
“ಕಂಪ್ಯೂಟರ್ ತಪ್ಪು ಅನ್ನು.
ಇಪ್ಪತ್ತು ವರ್ಷದಿಂದ ನಾವು ಅದನ್ನೇ ಹೇಳಿದ್ದೇವೆ,
ಜನ ನಂಬಿದ್ದಾರೆ.”